ಅಪ್ಪನಿಗೆ, ಕಪ್ಪು ಕೋಟಿನ ಪೋಸ್ಟ್ ಮಾಸ್ತರನ ಬಗ್ಗೆ

ಕ್ವೀನ್ಸ್, ನ್ಯೂಯಾರ್ಕ್

ತೀರ್ಥರೂಪು ಅಪ್ಪನಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮಂಡಿನೋವು ಕಮ್ಮಿಯಾಗಿದೆ ಅಂತ ಅಣ್ಣ ಹೇಳಿದ. ಕೇಳಿ ಸಮಾಧಾನವಾಯಿತು. ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ.

ಮೊನ್ನೆ ಪುಟ್ಟ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. ‘ಮೆನ್ ಇನ್ ಬ್ಲ್ಯಾಕ್’ ಸಿನಿಮಾದ ಎರಡನೇ ಭಾಗ ನೋಡಿದನಂತೆ. “ಅತ್ತೆ, ಬೇರೆ ಗ್ರಹದವರನ್ನ ಕಾಯೋ ಆ ಆಫೀಸು ನಿಮ್ಮೂರಲ್ಲಿ ನಿಜವಾಗ್ಲೂ ಇದ್ಯಾ?” ಅಂದ. ಅಷ್ಟರಲ್ಲಿ ಅವನಿಗೆ ಸ್ಕೂಲ್ ವ್ಯಾನ್ ಬಂತು. ಅವನಿಗೆ ಕೊಡಬೇಕಾದ ಉತ್ತರ ಇದೆ, ಅದೇ ಸಿನಿಮಾದಲ್ಲಿ ನಿಮಗೆ ಹೇಳಬೇಕಾದ್ದೂ ಒಂದಿದೆ. ಅದಕ್ಕೇ ಈ ಕಾಗದ. ಅವನ ಪಾಲಿನದ್ದನ್ನು ನೀವೇ ಓದಿ ಹೇಳಿ.

ಪುಟ್ಟ, ಆಫೀಸು ಇಲ್ಲ, ಆದರೆ ಕಟ್ಟಡ ಇದೆ. ಮ್ಯಾನ್‌ಹ್ಯಾಟನ್ನಿನ ದಕ್ಷಿಣದ ತುದಿಯಲ್ಲಿ, ಬ್ಯಾಟರಿ ಪಾರ್ಕಿನ ಪಕ್ಕದಲ್ಲೇ. ಅದು ಸುರಂಗಕ್ಕೆ ಗಾಳಿ ಕೊಡುವ ಕಟ್ಟಡ. ಅಲ್ಲಿಂದ ಬ್ರೂಕ್ಲಿನ್ನಿಗೆ ನೀರಿನ ಅಡಿಯಲ್ಲಿ ರಸ್ತೆ ಹೋಗುತ್ತದೆ. ಉದ್ದ ಸುಮಾರು 2.8 ಕಿಲೋಮೀಟರ್. 1950ರಲ್ಲಿ ಶುರುವಾದದ್ದು. ಅಷ್ಟು ಉದ್ದದ ಸುರಂಗದಲ್ಲಿ ಕಾರುಗಳ ಹೊಗೆ ತುಂಬಿಕೊಂಡರೆ ಜನರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಭಾರೀ ಫ್ಯಾನುಗಳು ಹೊಗೆಯನ್ನು ಹೊರಗೆಳೆದು ಹೊಸ ಗಾಳಿ ಒಳಗೆ ತಳ್ಳುತ್ತಲೇ ಇರುತ್ತವೆ. 1997ರ ಮೊದಲ ಭಾಗದಲ್ಲಿ ವಿಲ್ ಸ್ಮಿತ್ ಆ ಬಾಗಿಲು ತೆಗೆದು ಒಳಗೆ ಹೋದಾಗ ಒಂದು ದೊಡ್ಡ ಫ್ಯಾನು ಕಾಣುತ್ತದಲ್ಲ, ಅದು ಅಲ್ಲಿರುವುದಕ್ಕೆ ಇದೇ ಕಾರಣ. ಸಿನಿಮಾದವರು ಈ ಜಾಗವನ್ನು ಆರಿಸಿದ್ದು ನನಗೆ ತುಂಬಾ ಹಿಡಿಸುತ್ತದೆ. ದಿನಾ ಸಾವಿರಾರು ಜನರ ಜೀವ ಕಾಯುವ ಕಟ್ಟಡ. ಅದರ ಮುಂದೆ ಹೋಗುವವರು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಇನ್ನೊಂದು ಜಾಗ ನಮ್ಮ ಕ್ವೀನ್ಸಿನಲ್ಲೇ ಇದೆ. ನಾವು ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹೋಗಿ, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿಂದು, ಮಕ್ಕಳನ್ನು ಆಡಲು ಬಿಡುವ ಪಾರ್ಕು ಅದು. 1964ರ ವಿಶ್ವ ಮೇಳಕ್ಕೆ ಕಟ್ಟಿದ ಎತ್ತರದ ಗೋಪುರಗಳು ಅಲ್ಲಿ ಹಾಗೇ ನಿಂತಿವೆ. ತುದಿಯಲ್ಲಿ ತಟ್ಟೆಯಂಥ ಮಾಳಿಗೆ. ಮೊದಲ ಭಾಗದಲ್ಲಿ ಅವೇ ಹಾರುವ ತಟ್ಟೆಗಳು. ನೀನು ಬಂದಾಗ ಖಂಡಿತ ಕರಕೊಂಡು ಹೋಗುತ್ತೇನೆ.

ಅಪ್ಪ, ಇನ್ನು ನಿಮ್ಮ ಪಾಲಿನದ್ದು.

ಈ ಕತೆಯಲ್ಲಿ ಬೇರೆ ಗ್ರಹಗಳಿಂದ ಬಂದವರು ಮನುಷ್ಯರ ವೇಷದಲ್ಲಿ ನ್ಯೂಯಾರ್ಕಿನಲ್ಲಿ ಬದುಕುತ್ತಿರುತ್ತಾರೆ. ಅವರ ಲೆಕ್ಕ ಇಟ್ಟು, ಗಲಾಟೆಯಾದರೆ ನಿಲ್ಲಿಸಲು ಕಪ್ಪು ಕೋಟಿನ ಗುಪ್ತ ಪೊಲೀಸರು. ಯಾರಾದರೂ ನೋಡಬಾರದ್ದನ್ನು ನೋಡಿದರೆ ಪೆನ್ನಿನಂಥ ಒಂದು ಯಂತ್ರ ಫಳ್ ಅನ್ನುತ್ತದೆ, ಅವರ ನೆನಪು ಅಳಿಸಿಹೋಗುತ್ತದೆ. ಟಾಮಿ ಲೀ ಜೋನ್ಸ್ ಅನ್ನುವ ಹಿರಿಯ ನಟ ‘ಕೆ’ ಎಂಬ ಏಜೆಂಟಿನ ಪಾತ್ರ ಮಾಡಿದ್ದಾರೆ. ಮೊದಲ ಭಾಗದ ಕೊನೆಯಲ್ಲಿ ಕೆ ತಾನಾಗಿಯೇ ತನ್ನ ನೆನಪು ಅಳಿಸಿಕೊಂಡು ಕೆಲಸ ಬಿಡುತ್ತಾನೆ. ಎರಡನೇ ಭಾಗ ಬರುವ ಹೊತ್ತಿಗೆ ಅವನು ಏನಾಗಿದ್ದಾನೆ ಗೊತ್ತಾ? ಪೋಸ್ಟ್ ಮಾಸ್ತರ್!

ಅದೂ ಟ್ರೂರೋದಲ್ಲಿ. ಇದು ಮ್ಯಾಸಚೂಸೆಟ್ಸ್ ರಾಜ್ಯದ ‘ಕೇಪ್ ಕಾಡ್’ ಎಂಬಲ್ಲಿರುವ ನಿಜವಾದ ಊರು. ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ನೆಲದ ತುದಿಯ ಹತ್ತಿರ ಇದೆ. ವರ್ಷವಿಡೀ ಇರುವ ಜನ ಬಹಳ ಕಮ್ಮಿ, ನಮ್ಮ ಹೋಬಳಿಯ ಒಂದು ಹಳ್ಳಿಯಷ್ಟು. ಅಲ್ಲಿ ಕೆ ಶಿಸ್ತಿನಿಂದ ಕೌಂಟರ್ ನೋಡಿಕೊಳ್ಳುತ್ತಿರುತ್ತಾನೆ. ಹಳೆಯದು ಒಂದೂ ನೆನಪಿಲ್ಲ. ಅವನ ಶಿಷ್ಯ ‘ಜೆ’, ಅಂದರೆ ವಿಲ್ ಸ್ಮಿತ್, ಹುಡುಕಿಕೊಂಡು ಬರುತ್ತಾನೆ. ಕೆ ನಂಬುವುದಿಲ್ಲ. ಆಗ ಜೆ ಹೇಳುತ್ತಾನೆ, ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವವರು ಹೆಚ್ಚುಕಮ್ಮಿ ಎಲ್ಲರೂ ಬೇರೆ ಗ್ರಹದವರೇ ಅಂತ. ಹೇಳಿ ತೋರಿಸಿಯೂ ಬಿಡುತ್ತಾನೆ. ಒಳಗೆ ಕಾಗದ ವಿಂಗಡಿಸುತ್ತಿದ್ದವರ ನಿಜರೂಪ ಹೊರಬೀಳುತ್ತದೆ. ನೀವು ಮತ್ತು ನಿಮ್ಮ ಆರ್‌ಎಂಎಸ್ (ರೈಲ್ವೆ ಅಂಚೆ) ಸ್ನೇಹಿತರು ಒಟ್ಟಿಗೆ ಕೂತು ಇದನ್ನು ನೋಡಬೇಕು ಅಂತ ನನಗೆ ಬಹಳ ಆಸೆ.

ನಗು ಬರುವ ಜಾಗ ಅದು, ನಿಜ. ಆದರೆ ಆಮೇಲೆ ಜೆ ಇನ್ನೊಂದು ಮಾತು ಆಡುತ್ತಾನೆ. ರಾತ್ರಿ ನಕ್ಷತ್ರ ನೋಡಿದಾಗ ನಿನಗೆ ಏನೋ ಒಂಥರಾ ಆಗುತ್ತದೆ, ಇಲ್ಲಿಗಿಂತ ಅಲ್ಲಿನದ್ದೇ ನಿನಗೆ ಜಾಸ್ತಿ ಗೊತ್ತು ಅನ್ನಿಸುತ್ತದೆ, ಅಲ್ವಾ ಅನ್ನುವ ಅರ್ಥದ ಮಾತು. ಟಾಮಿ ಲೀ ಜೋನ್ಸ್ ಆಗ ಸುಮ್ನೆ ನೋಡುತ್ತಾರೆ. ಮುಖದಲ್ಲಿ ದೊಡ್ಡ ಅಭಿನಯ ಏನೂ ಇಲ್ಲ. ಅಲ್ಲಿ ನನಗೆ ನೀವು ನೆನಪಾದಿರಿ. ರಿಟೈರ್ ಆದಮೇಲೂ ನೀವು ಮೇಲ್ ವ್ಯಾನ್ ಬರುವ ಹೊತ್ತಿಗೆ ಎದ್ದು ಸ್ನಾನ ಮುಗಿಸಿ ಜಗಲಿಯಲ್ಲಿ ಕೂರುತ್ತಿದ್ದಿರಿ. ಅಮ್ಮ ಬೈಯುತ್ತಿದ್ದಳು. ಯಾರ ಮನೆಯ ಮದುವೆ ಕಾಗದವೇ ಇರಲಿ, ಕೈಗೆ ಸಿಕ್ಕಿದರೆ ಮೊದಲು ನೋಡುತ್ತಿದ್ದದ್ದು ಪಿನ್ ಕೋಡು. ಒಬ್ಬ ಮನುಷ್ಯ ಮನಸ್ಸಿಟ್ಟು ಮಾಡಿದ ಕೆಲಸವನ್ನು ಯಾವ ಯಂತ್ರದಿಂದಲೂ ಪೂರ್ತಿ ಅಳಿಸಲಾಗುವುದಿಲ್ಲ. ಈ ಸಿನಿಮಾ ಅದನ್ನು ಚೆನ್ನಾಗಿ ಅರಿತಿದೆ ಅಂತ ನನಗನ್ನಿಸುತ್ತದೆ.

ಇಲ್ಲಿ ಆಫೀಸಿನಲ್ಲಿ ಮಾತು ಬಂದರೆ ಎಲ್ಲರೂ ಎರಡನೇ ಭಾಗವನ್ನು ತಳ್ಳಿಹಾಕುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಸುವ ಅವಸರ ಇದೆ. ಸೆರ್ಲೀನಾ ಅನ್ನುವ ಖಳನಾಯಕಿಗೆ ಹಾವಿನಂಥ ಬಳ್ಳಿಗಳು ಬಿಟ್ಟರೆ ಬೇರೇನೂ ಇಲ್ಲ. ಜೆ ಇಷ್ಟಪಡುವ ಹುಡುಗಿ ಲಾರಾಳ ಪಾತ್ರಕ್ಕೆ ಇನ್ನಷ್ಟು ಸಮಯ ಬೇಕಿತ್ತು. 2012ರಲ್ಲಿ ಬಂದ ಮೂರನೇ ಭಾಗ ಕತೆಯಾಗಿ ಇದಕ್ಕಿಂತ ಗಟ್ಟಿ. ಅದರಲ್ಲಿ ಜೆ 1969ಕ್ಕೆ ಹೋಗುತ್ತಾನೆ, ಅಪೊಲೊ 11 ಚಂದ್ರನತ್ತ ಹಾರುವ ಹಿಂದಿನ ದಿನಕ್ಕೆ. ಯುವಕ ಕೆ ಆಗಿ ಜೋಶ್ ಬ್ರೋಲಿನ್ ಅದ್ಭುತವಾಗಿ ಮಾಡಿದ್ದಾರೆ. ಆದರೂ ಪೋಸ್ಟ್ ಆಫೀಸಿನಂಥ ಜಾಗ ಅದರಲ್ಲಿಲ್ಲ.

ಎರಡನೇ ಭಾಗದಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು, ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನ ಲಾಕರ್. ಒಂದು ದೊಡ್ಡ ರಹಸ್ಯ ತನ್ನ ಬಾಯಿಂದಲೂ ಹೊರಬರಬಾರದು ಅಂತ ಕೆ ಹಿಂದೆ ಅಷ್ಟನ್ನು ತನ್ನ ತಲೆಯಿಂದಲೇ ಅಳಿಸಿಕೊಂಡಿರುತ್ತಾನೆ. ಬೇಕಾದಾಗ ಸಿಗಲಿ ಅಂತ ಅಲ್ಲಲ್ಲಿ ಸುಳಿವು ಬಿಟ್ಟಿರುತ್ತಾನೆ. ಒಂದು ಕೀಲಿ ಸಿ-18 ಅನ್ನುವ ಲಾಕರಿಗೆ ಕರೆದೊಯ್ಯುತ್ತದೆ. ತೆಗೆದರೆ ಒಳಗೆ ಬೆರಳುದ್ದದ ಜನರ ಒಂದು ಊರೇ ಇದೆ! ಅವರು ಕೆಯನ್ನು ದೇವರಂತೆ ಪೂಜಿಸುತ್ತಾರೆ. ಅವನು ಬಿಟ್ಟುಹೋದ ಕೈಗಡಿಯಾರವೇ ಅವರ ಗಡಿಯಾರ ಗೋಪುರ. ಸಿನಿಮಾದ ಕೊನೆಯಲ್ಲಿ ಕೆ ಇನ್ನೊಂದು ಬಾಗಿಲು ತೆಗೆದು ತೋರಿಸುತ್ತಾನೆ. ನಮ್ಮ ಜಗತ್ತೂ ಅಂಥದ್ದೇ ಒಂದು ಲಾಕರಿನ ಒಳಗಿರುತ್ತದೆ. ನಿಜವಾದ ಸ್ಟೇಷನ್ನಿನಲ್ಲಿ ಈಗ ಲಾಕರುಗಳಿಲ್ಲ. ಆದರೆ ಮಧ್ಯದ ಹಾಲಿನ ಮೇಲ್ಛಾವಣಿಯ ತುಂಬಾ ನಕ್ಷತ್ರಗಳ ಚಿತ್ರ ಬರೆದಿದ್ದಾರೆ. ರೈಲು ಹಿಡಿಯಲು ಓಡುವ ಜನರ ನಡುವೆ ನಿಂತು ಅದನ್ನು ನೋಡುವುದು ನನಗೆ ಬಲು ಇಷ್ಟ.

ಇನ್ನೊಂದು ಸಂಗತಿ. ಪುಟ್ಟನಿಗೆ ಇದು ಈಗಲೇ ಬೇಡ. ಸಿನಿಮಾ ಇಲ್ಲಿ ಬಿಡುಗಡೆಯಾದದ್ದು 2002ರ ಜುಲೈ 3ರಂದು. ಅದರ ಕೊನೆಯ ದೃಶ್ಯಗಳಿಗೆ ಮೊದಲು ಇಟ್ಟುಕೊಂಡಿದ್ದ ಜಾಗ ವರ್ಲ್ಡ್ ಟ್ರೇಡ್ ಸೆಂಟರ್. 2001ರ ಸೆಪ್ಟೆಂಬರ್ 11ರಂದು ಆ ಗೋಪುರಗಳು ಬಿದ್ದಮೇಲೆ ಅದನ್ನು ಬದಲಿಸಿದರು. ಈಗಿರುವ ಸಿನಿಮಾದಲ್ಲಿ ಲಿಬರ್ಟಿ ಪ್ರತಿಮೆಯ ಕೈಯ ಪಂಜು ಬೆಳಗುತ್ತದೆ, ಇಡೀ ನ್ಯೂಯಾರ್ಕ್ ಆ ರಾತ್ರಿ ಕಂಡದ್ದನ್ನು ಮರೆಯುತ್ತದೆ. ವರ್ಷ ತುಂಬುವ ಮೊದಲೇ ಥಿಯೇಟರಿಗೆ ಬಂದು ಕೂತ ಈ ಊರಿನವರಿಗೆ ಆ ಬೆಳಕು ನೋಡಿ ಏನನ್ನಿಸಿತೋ ಅಂತ ಯೋಚಿಸುತ್ತೇನೆ. ಆ ಫ್ಯಾನಿನ ಕಟ್ಟಡದಿಂದ ಗೋಪುರಗಳಿದ್ದ ಜಾಗಕ್ಕೆ ನಡೆದೇ ಹೋಗಬಹುದು. ಸತ್ತವರ ಹೆಸರುಗಳನ್ನು ಅಲ್ಲಿ ಕಂಚಿನಲ್ಲಿ ಕೊರೆದಿದ್ದಾರೆ. ಅವರವರ ಹುಟ್ಟಿದ ದಿನ ಆ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ನಾನು ಹೋದಾಗಲೆಲ್ಲ ಗುಲಾಬಿ ಇರುವ ಹೆಸರುಗಳನ್ನು ನಿಂತು ಓದುತ್ತೇನೆ.

ಅಮ್ಮನಿಗೆ ಒಂದು ಮಾತು. ಶುರುವಿನಲ್ಲೇ ಸೆರ್ಲೀನಾ ಒಬ್ಬನನ್ನು ನುಂಗುವ ದೃಶ್ಯ ಇದೆ. ಆಗ ನೀನು ಅಡುಗೆಮನೆಗೆ ಹೋಗಿ ಕಾಫಿ ಇಟ್ಟುಕೊಂಡು ಬಾ. ಕಪ್ಪು ಕೋಟು ಹಾಕಿದ ಮಾತಾಡುವ ನಾಯಿ ಮಾತ್ರ ನಿನಗೆ ಖಂಡಿತ ಇಷ್ಟವಾಗುತ್ತದೆ. ಮೈಕಲ್ ಜಾಕ್ಸನ್ ಬಂದು ನನ್ನನ್ನೂ ಏಜೆಂಟ್ ಮಾಡಿ ಅಂತ ಕೇಳುವ ಜಾಗವನ್ನು ಅಣ್ಣನಿಗೆ ತೋರಿಸಿ. ಕಾಲೇಜಿನಲ್ಲಿ ಅವನು ಆತನ ಕ್ಯಾಸೆಟ್ಟಿಗೆ ಎಷ್ಟು ದುಡ್ಡು ಸುರಿದಿದ್ದ!

ಅಪ್ಪ, ಭಾನುವಾರ ಪುಟ್ಟನ ಜೊತೆ ಕೂತು ನೋಡಿ. ಆ ಟ್ರೂರೋದ ಕೌಂಟರಿನಲ್ಲಿ ಕೆ ಮಾಡುವ ಕೆಲಸ ಸರಿಯಿದೆಯೋ ಇಲ್ಲವೋ ನೀವೇ ಹೇಳಬೇಕು. ಫೋನಿನಲ್ಲಿ ಬೇಡ. ನಿಮ್ಮ ಕೈಯಿಂದ ಬರೆದು, ಸ್ಟಾಂಪ್ ಹಚ್ಚಿ ಕಳಿಸಿ. ನಮ್ಮ ಪಿನ್ ಕೋಡ್ ಇಲ್ಲಿ ಐದೇ ಅಂಕಿ, ಒಂದು ಬಿಟ್ಟುಹೋಗಿದೆ ಅಂತ ಸೇರಿಸಬೇಡಿ.

ಇಂತಿ ನಿಮ್ಮ ಪ್ರೀತಿಯ
ಮಗಳು