ಅಪ್ಪಾಜಿ, ಒಂದು ಹಳೇ ಕಾರು ನೋಡಿದೀನಿ

ಆಕ್ಸ್‌ಫರ್ಡ್, ಭಾನುವಾರ ರಾತ್ರಿ

ಅಪ್ಪಾಜಿಗೆ, ಅಮ್ಮಂಗೆ ನಮಸ್ಕಾರ,

ಇಲ್ಲಿ ನಾವು ಮೂರೂ ಜನ ಆರಾಮ. ಫೋನಲ್ಲೇ ಹೇಳ್ಬೋದಿತ್ತು ಆದ್ರೆ ನಾನು ಶುರು ಮಾಡೋ ಹೊತ್ಗೆ ಅಮ್ಮ ಫೋನ್ ಕಿತ್ಕೊಂಡು ಸಾರು ಏನು ಮಾಡಿದ್ರಿ ಅಂತ ಕೇಳ್ತಾಳೆ, ನನ್ನ ವಿಷ್ಯ ಅಲ್ಲೇ ಬಿದ್ದೋಗುತ್ತೆ, ಅದಕ್ಕೇ ಬರೀತಿದೀನಿ. ವಿಷ್ಯ ಏನಂದ್ರೆ ಒಂದು ಕಾರು ತಗೊಳ್ಳೋಣ ಅಂತಿದೀನಿ. ಓಡಾಡಕ್ಕೆ ಇರೋದು ಚೆನ್ನಾಗೇ ಇದೆ, ಅದನ್ನ ಮಾರಲ್ಲ. ಇದು ಬರೀ ಆಸೆಗೆ. ಅಮ್ಮ, ಪೂರ್ತಿ ಓದಿ ಆಮೇಲೆ ಬೈಯಿ.

ಎಂಜಿಬಿ ಅಂತ ಒಂದು ಸ್ಪೋರ್ಟ್ಸ್ ಕಾರು ಇತ್ತು. 1962ರಿಂದ 1980ರವರೆಗೆ ಇಲ್ಲೇ ನಮ್ಮನೆಯಿಂದ ಸ್ವಲ್ಪ ದೂರದ ಆಬಿಂಗ್ಡನ್ ಅನ್ನೋ ಊರಲ್ಲಿ ಮಾಡ್ತಿದ್ರು, ಐದು ಲಕ್ಷಕ್ಕಿಂತ ಜಾಸ್ತಿ ಮಾಡಿದಾರೆ, ಫ್ಯಾಕ್ಟರಿ ಮುಚ್ಚೇ ನಲವತ್ತು ವರ್ಷದ ಮೇಲಾಯ್ತು ಆದ್ರೂ ಬೇಸಿಗೆ ಬಂತು ಅಂದ್ರೆ ಎಲ್ಲಾದ್ರೂ ಒಂದು ಕಣ್ಣಿಗೆ ಬೀಳುತ್ತೆ. ಅಪ್ಪಾಜಿ, ನಿಮಗೆ ಒಂದು ಮಾತು ಹೇಳ್ಲೇಬೇಕು, ಇದ್ರ ಇಂಜಿನ್ ಬಿ ಸೀರೀಸ್. ನಮ್ಮ ಅಂಬಾಸಿಡರ್ ಇಂಜಿನ್ನಿನ ಅಣ್ಣ! ನಮ್ದು 1489 ಸಿಸಿ, ಇದು 1798, ಕಾರ್ಬೊರೇಟರ್ ಒಂದರ ಬದ್ಲು ಎರಡು, ಅಷ್ಟೇ ವ್ಯತ್ಯಾಸ ಅಂದ್ರೆ ಇಲ್ಲಿನವರು ನನ್ನ ಹೊಡೀತಾರೆ, ಆದ್ರೆ ಮನೆತನ ಒಂದೇ. ಅಂಬಾಸಿಡರ್ ಅಂದ್ರೆ ಇಲ್ಲಿನ ಮಾರಿಸ್ ಆಕ್ಸ್‌ಫರ್ಡ್, ಎಂಜಿ ಅಂದ್ರೆ ಮಾರಿಸ್ ಗ್ಯಾರೇಜಸ್, ಎರಡೂ ಈ ಊರಿನ ಮಾರಿಸ್ ಸಾಹೇಬ್ರಿಂದಾನೇ ಶುರುವಾದವು. ನಾನು ದಿನಾ ಬಸ್ಸಲ್ಲಿ ಕೌಲಿ ದಾಟ್ಕೊಂಡು ಹೋಗ್ತೀನಲ್ಲ, ಮಾರಿಸ್ ಫ್ಯಾಕ್ಟರಿ ಇದ್ದಿದ್ದು ಅಲ್ಲೇ, ಈಗ ಅಲ್ಲಿ ಮಿನಿ ಕಾರು ಮಾಡ್ತಾರೆ. ಅರಸೀಕೆರೆ ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಮಗೆ ಅನ್ನ ಹಾಕಿದ ಗಾಡಿ ತವರುಮನೆ ಮುಂದೇನೇ ಎರಡು ವರ್ಷ ಓಡಾಡಿದೀನಿ, ಗೊತ್ತೇ ಇರ್ಲಿಲ್ಲ ನೋಡಿ.

ಮೊದ್ಲು ನೋಡಿದ್ದು ವಿಟ್ನಿ ಹತ್ರ ಒಂದು ಹಳ್ಳೀಲಿ. 1972ರದ್ದು, ಕಡು ಹಸಿರು, ಓಪನ್ ಕಾರು, ಎರಡೇ ಸೀಟು. 7,800 ಪೌಂಡ್ ಹೇಳಿದ, ನಮ್ಮ ಲೆಕ್ಕದಲ್ಲಿ ಎಂಟು ಲಕ್ಷಕ್ಕೂ ಮೇಲೆ. ನೋಡಿದ ತಕ್ಷಣ ಮನಸು ಜಾರೋಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೀವು ಹೇಳ್ತಿದ್ದಿದ್ದು ನೆನಪಾಯ್ತು, ಬಣ್ಣ ನೋಡಿ ಗಾಡಿ ತಗೊಂಡೋನು ಟಿಂಕರಿಂಗ್ ಶೆಡ್ಡಲ್ಲೇ ಸಂಸಾರ ಮಾಡ್ಬೇಕು ಅಂತ. ಜೇಬಲ್ಲಿ ಫ್ರಿಜ್ಜಿಂದ ಕಿತ್ತಿಟ್ಕೊಂಡಿದ್ದ ಮ್ಯಾಗ್ನೆಟ್ ಇತ್ತು (ಮಗಳ ಆನೆ ಮ್ಯಾಗ್ನೆಟ್ಟು, ಅವಳಿಗೆ ಹೇಳಿಲ್ಲ). ಬಾಗಿಲ ಕೆಳಗಡೆ ಸಿಲ್ ಅಂತ ಉದ್ದಕ್ಕೆ ತಗಡಿನ ಪಟ್ಟಿ ಇರುತ್ತಲ್ಲ, ಅದ್ರ ಮೇಲೆ ಇಟ್ಟೆ, ಹಿಡ್ಕೊಳ್ಲಿಲ್ಲ, ಇನ್ನೊಂದು ಗೇಣು ಆಚೆ ಇಟ್ಟೆ, ಜಾರಿ ಹುಲ್ಲಿಗೆ ಬಿತ್ತು. ಒಳಗೆಲ್ಲ ಪುಟ್ಟಿ. ಅಂಬಾಸಿಡರ್ ಥರಾನೇ ಇದಕ್ಕೂ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ, ಅದ್ರಲ್ಲೂ ಓಪನ್ ಕಾರಿಗೆ ಮೇಲೆ ಟಾಪ್ ಇಲ್ದೇ ಇರೋದ್ರಿಂದ ಭಾರ ಪೂರ್ತಿ ಆ ಎರಡು ಸಿಲ್ ಮೇಲೇ, ಅದು ತುಕ್ಕು ಹಿಡಿದ್ರೆ ಗಾಡಿ ನಡು ಮುರಿದಂಗೆ. ಸ್ವಲ್ಪ ಜಾಕ್ ಹೊಡೀರಿ ಅಂದೆ, ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಬಾಗಿಲು ತೆಗೆಯಕ್ಕೆ ಹೋದ್ರೆ ಬರ್ಲೇ ಇಲ್ಲ, ಬಾಡಿ ಬಾಗಿ ಬಾಗಿಲು ಕಚ್ಕೊಂಡಿತ್ತು. ಆ ಯಪ್ಪ ಹಳೇ ಕಾರು ಎಲ್ಲಾ ಹೀಗೇ ಅಂದ. ಥ್ಯಾಂಕ್ಸ್ ಹೇಳಿ ಬಂದೆ. ಇಲ್ಲಿ ವೆಲ್ಡಿಂಗ್ ಮಾಡೋನೊಬ್ಬನ್ನ ಕೇಳಿದ್ರೆ ಎರಡೂ ಕಡೆ ಸಿಲ್ಲಿಗೆ ಎರಡೂವರೆ ಸಾವಿರ ಪೌಂಡ್ ಅಂದ, ಅದೂ ಬಣ್ಣ ಬಿಟ್ಟು.

ಇನ್ನೊಂದು ವಿಷ್ಯ ಗೊತ್ತಾ, ಇಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ ರೋಡ್ ಟ್ಯಾಕ್ಸ್ ಇಲ್ಲ, ನಮ್ಮ ಎಫ್‌ಸಿ ಥರ ವರ್ಷವರ್ಷ ಮಾಡಿಸೋ ಎಂಒಟಿ ಅನ್ನೋ ಗಾಡಿ ತಪಾಸಣೆನೂ 2018ರಿಂದ ಕಡ್ಡಾಯ ಇಲ್ಲ. ಕೇಳಕ್ಕೆ ಹಬ್ಬ. ಆದ್ರೆ ಯೋಚ್ನೆ ಮಾಡಿದ್ರೆ ಭಯ ಆಗುತ್ತೆ, ಬ್ರೇಕ್ ಹಿಡಿಯುತ್ತಾ ಇಲ್ವಾ ಅಂತ ವರ್ಷಕ್ಕೊಂದ್ಸಲ ನೋಡೋ ಮೂರನೇ ಕಣ್ಣೇ ಹೋಯ್ತಲ್ಲ. ನನ್ನ ಪ್ರಕಾರ ಇದು ತಪ್ಪು ರೂಲು. ಒಳ್ಳೇದೇನಂದ್ರೆ ನಂಬರ್ ಹಾಕಿದ್ರೆ ಹಳೇ ಎಂಒಟಿ ರಿಪೋರ್ಟ್ ಎಲ್ಲಾ ಸರ್ಕಾರದ ವೆಬ್‌ಸೈಟಲ್ಲಿ ಫ್ರೀ ಆಗಿ ಸಿಗುತ್ತೆ. ಆ ಹಸಿರು ಕಾರಿಂದು ಮನೆಗೆ ಬಂದು ನೋಡ್ದೆ, 2016ರಲ್ಲೇ ಸಿಲ್ ತುಕ್ಕು ಅಂತ ಬರೆದಿದಾರೆ! ಮೊದ್ಲೇ ನೋಡಿದ್ರೆ ಒಂದು ಶನಿವಾರ ಉಳೀತಿತ್ತು.

ಈಗ ಎರಡನೇದು, ಇದಕ್ಕೋಸ್ಕರಾನೇ ಈ ಪತ್ರ. ಇದು ಆಬಿಂಗ್ಡನ್‌ನಲ್ಲೇ ಇದೆ, ಹುಟ್ಟಿದೂರು ಬಿಟ್ಟು ಹೋಗಿಲ್ಲ. 1973ರ ಜಿಟಿ, ಅಂದ್ರೆ ಅದೇ ಕಾರು ಆದ್ರೆ ಮೇಲೆ ಟಾಪ್ ಇದೆ, ಹಿಂದೆ ಮಕ್ಕಳು ಕೂರೋಷ್ಟು ಚಿಕ್ಕ ಸೀಟು. ಜಿಟಿಗೆ ಓಪನ್ ಕಾರಿನಷ್ಟು ರೇಟಿಲ್ಲ, ಇದಕ್ಕೆ 5,900 ಪೌಂಡ್ ಹೇಳ್ತಿದಾರೆ. ನಿಮ್ಮ ಸೊಸೆ ಮೊದಲನೇ ಕಾರು ನೋಡಿದಾಗ ಒಂದೇ ಮಾತು ಕೇಳಿದ್ಲು, ಎರಡು ಸೀಟು ಅಂದ್ರೆ ಮೂರರಲ್ಲಿ ಮನೇಲಿ ಬಿಟ್ಟು ಹೋಗೋದು ಯಾರನ್ನ ಅಂತ. ಉತ್ರ ಇರ್ಲಿಲ್ಲ ನನ್ನತ್ರ. ಇದನ್ನ ನೋಡಿ ಏನೂ ಅನ್ಲಿಲ್ಲ, ಹಿಂದೆ ಬೆಲ್ಟ್ ಹಾಕಿಸ್ತೀಯಾ ಅಂದ್ಲು ಅಷ್ಟೇ, ಅದನ್ನ ಒಪ್ಪಿಗೆ ಅಂತ್ಲೇ ತಿಳ್ಕೊಂಡಿದೀನಿ.

ಸಿಲ್ ಗಟ್ಟಿ ಇದೆ, ಆನೆ ಎಲ್ಲಾ ಕಡೆ ಹಿಡ್ಕೊಂಡ್ತು. ಓನರ್ ವಯಸ್ಸಾದವ್ರು, ಪ್ರತಿ ಬಿಲ್ಲೂ ಫೈಲಲ್ಲಿಟ್ಟಿದಾರೆ. 2000ದಲ್ಲಿ ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತಾಗ ನೀವು ಹೆಡ್ ಬಿಚ್ಚಿಸಿ ವಾಲ್ವ್ ಸೀಟ್ ಬದಲಾಯಿಸಿದ್ರಲ್ಲ, ಇಲ್ಲೂ ಅದೇ ವರ್ಷ ನಿಂತಿದ್ದು, ಇವ್ರೂ ಅದೇ ಕೆಲ್ಸ ಮಾಡ್ಸಿದಾರೆ, ಬಿಲ್ ನೋಡಿ ನಗು ಬಂತು. ಬಾನೆಟ್ ಎತ್ತಿದ್ರೆ ಎಲ್ಲಾ ಗುರುತಿನ ಮುಖಗಳೇ. ನಾನು ಸುಮ್ನೆ ಬಾಯ್ಬಿಟ್ಟು ಒಂದು ಮೂರು ನಾಲ್ಕು ಎರಡು ಅಂದೆ, ಸಿಲಿಂಡರ್‌ಗಳು ಹೊತ್ಕೊಳ್ಳೋ ಸರದಿ, ನೀವು ನನಗೆ ಮಗ್ಗಿಗಿಂತ ಮುಂಚೆ ಕಲಿಸಿದ್ದು, ಆ ಮುದುಕ ನನ್ನ ಮುಖ ನೋಡಿ ನಿನಗೆ ಫೈರಿಂಗ್ ಆರ್ಡರ್ ಯಾರು ಹೇಳ್ಕೊಟ್ರು ಅಂದ್ರು. ನಮ್ಮಪ್ಪ ಅಂದೆ. ಆಮೇಲೆ ಟೀ ಕೊಟ್ರು, ಶಿರಾಡಿ ಘಾಟಿಲಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಕಾವು ಏರದಂಗೆ ಒದ್ದೆ ಬಟ್ಟೆ ಸುತ್ತಿ ಧರ್ಮಸ್ಥಳಕ್ಕೆ ಹೋಗ್ತಿದ್ದಿದ್ದು ಎಲ್ಲಾ ಹೇಳ್ದೆ, ಗಂಟೆಗಟ್ಲೆ ಕೂತಿದ್ವಿ. ರೇಟು ಮಾತ್ರ ಇಳಿಸ್ಲಿಲ್ಲ.

ಓಡ್ಸಿ ನೋಡ್ದೆ. ಸ್ಟೇರಿಂಗ್ ಹೆವಿ, ಬ್ರೇಕ್ ಜೋರಾಗಿ ತುಳೀಬೇಕು. ಓವರ್‌ಡ್ರೈವ್ ಅಂತ ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ಚಿದೆ, ನಾಕನೇ ಗೇರಲ್ಲಿ ಅದನ್ನ ಹಾಕಿದ್ರೆ ಇಂಜಿನ್ ಸ್ಪೀಡು ಉಸಿರು ಬಿಟ್ಟಂಗೆ ಇಳಿಯುತ್ತೆ. ಬಿಸಿಯಾದ್ಮೇಲೂ ಆಯಿಲ್ ಪ್ರೆಶರ್ ಓಡ್ವಾಗ 60ರ ಹತ್ರ, ಐಡ್ಲಿಂಗಲ್ಲಿ 20. ಇದು ಪಾಸು ತಾನೇ? ಆದ್ರೆ ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಎಳೆದು ಸೆಲ್ಫ್ ಹೊಡೆದ್ರೆ ಟಕ ಟಕ ಅಂತ ಒಂದು ಶಬ್ದ ಬರುತ್ತೆ, ಬಿಸಿಯಾದ್ರೆ ಕಮ್ಮಿ ಆಗುತ್ತೆ ಪೂರ್ತಿ ಹೋಗಲ್ಲ. ಓನರ್ ಟ್ಯಾಪೆಟ್ ಅಂತಾರೆ, ಅಂದ್ರೆ ಇಂಜಿನ್ ಮೇಲ್ಗಡೆ ವಾಲ್ವ್ ಸಂದು. ಟ್ಯಾಪೆಟ್ ಆದ್ರೆ ಒಂದು ಸ್ಪ್ಯಾನರ್ರು ಒಂದು ಸ್ಕ್ರೂಡ್ರೈವರ್ರು ಅರ್ಧ ದಿನ, ನಾನೇ ಮಾಡ್ತೀನಿ. ಕೆಳಗಿನ ಬೇರಿಂಗ್ ಆದ್ರೆ ಇಂಜಿನ್ ಇಳಿಸ್ಬೇಕು, ನನ್ನ ಕೈಲಾಗಲ್ಲ.

ದುಡ್ಡಿನ ವಿಷ್ಯ. ಮಹಡಿ ಮೇಲೆ ಶೀಟ್ ಹಾಕ್ಸಕ್ಕೆ ಇಟ್ಟಿರೋದು ಬೇರೆ, ಅದನ್ನ ಮುಟ್ಟಿಲ್ಲ, ಯುಗಾದಿ ಒಳಗೆ ಕಳಿಸ್ತೀನಿ. ಇದು ನನ್ನ ಓವರ್‌ಟೈಮ್ ದುಡ್ಡು. ಸ್ಪೇರ್ ಪಾರ್ಟ್ಸ್ ಯೋಚ್ನೆನೇ ಇಲ್ಲ, ಹೊಸಾ ಬಾಡಿ ಶೆಲ್ಲೇ ಸಿಗುತ್ತೆ ಇದಕ್ಕೆ ಈಗ್ಲೂ. ಪೆಟ್ರೋಲ್ ಮಾತ್ರ ದುಬಾರಿದೇ ಹಾಕ್ಬೇಕು, ಮಾಮೂಲಿದ್ರಲ್ಲಿ ಎಥೆನಾಲ್ ಜಾಸ್ತಿ, ಹಳೇ ರಬ್ಬರ್ ಪೈಪ್ ತಿನ್ನುತ್ತೆ.

ಅಪ್ಪಾಜಿ, ತಂಗಿ ಫೋನಿಗೆ ಆ ಇಂಜಿನ್ ಶಬ್ದ ರೆಕಾರ್ಡ್ ಮಾಡಿ ಕಳಿಸಿದೀನಿ, ಎರಡು ಕ್ಲಿಪ್, ಮೊದಲನೇದು ತಣ್ಣಗಿದ್ದಾಗಿಂದು, ಎರಡನೇದು ಬಿಸಿಯಾದ್ಮೇಲೆ. ಟಿವಿ ಆಫ್ ಮಾಡಿ, ಇಯರ್‌ಫೋನ್ ಹಾಕ್ಕೊಂಡು ಕೇಳಿ. ಮೇಲಿಂದ ಬರ್ತಿದೆಯಾ ಕೆಳಗಿಂದ ಬರ್ತಿದೆಯಾ ಅಷ್ಟು ಹೇಳಿ ಸಾಕು. ಬುಧವಾರದೊಳಗೆ ಹೇಳ್ಬಿಡಿ, ಗುರುವಾರ ಬೇರೆ ಯಾರೋ ನೋಡಕ್ಕೆ ಬರ್ತಿದಾರಂತೆ.

ನಿಮ್ಮ ಮಗ

ಅಮ್ಮ, ಇವತ್ತು ಬಸ್ಸಾರು.