ಭಾನುವಾರ ಚಾಕು ಸಾಣೆ ಕಿಟ್ ಮಾಡೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಕುವೆಂಪುನಗರದ ನಮ್ಮ ಪಾರ್ಕಿಗೆ ಬನ್ನಿ. ಚಾಕು ಹರಿತ ಮಾಡುವ ಪುಟ್ಟ ಕಿಟ್ ಮಾಡೋಣ. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕಾಗುತ್ತದೆ, ಅದು ಜಾರುವುದೂ ಆಗಲೇ. ಹೋದ ತಿಂಗಳು ಈರುಳ್ಳಿ ಹೆಚ್ಚುವಾಗ ನನ್ನ ಬೆರಳು ಕುಯ್ದಿದ್ದು ಹಾಗೆಯೇ.

ಒಂದು ಗೇಣುದ್ದದ ಚಪ್ಪಟೆ ಮರದ ಪಟ್ಟಿ, ಹಳೆಯ ಚರ್ಮದ ಬೆಲ್ಟ್, ಎರಡು ರಬ್ಬರ್ ಬ್ಯಾಂಡ್ ತನ್ನಿ. ರೆಕ್ಸಿನ್ ಬೆಲ್ಟ್ ಬೇಡ. ವಾಟರ್ ಪೇಪರ್ (ಒದ್ದೆ ಮಾಡಿಯೂ ಉಜ್ಜಬಹುದಾದ ಮರಳು ಕಾಗದ) ನಾನೇ ಸಂತೇಪೇಟೆಯಿಂದ ತರುತ್ತೇನೆ: 400, 1000, 2000 ನಂಬರಿನವು. ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. ಪಟ್ಟಿಯ ಒಂದು ಬದಿಗೆ ಬೆಲ್ಟ್ ಅಂಟಿಸಿ, ಇನ್ನೊಂದು ಬದಿಗೆ ಪೇಪರ್ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ಕಿಟ್ ರೆಡಿ.

ಚಾಕು ಹಿಡಿಯುವ ಓರೆ ಮುಖ್ಯ. ಅಲಗು 3 ಸೆಂ.ಮೀ. ಅಗಲವಿದ್ದರೆ ಬೆನ್ನನ್ನು ಸುಮಾರು 1 ಸೆಂ.ಮೀ. ಎತ್ತಿ ಹಿಡಿಯಿರಿ. ಅದು ಹೆಚ್ಚುಕಮ್ಮಿ 20 ಡಿಗ್ರಿ. ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಎಳೆಯಿರಿ, ಇಲ್ಲದಿದ್ದರೆ ಪೇಪರ್ ಹರಿಯುತ್ತದೆ. ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ತರಿ, ಅಂದರೆ ಮಡಚಿಕೊಂಡ ತೆಳು ಲೋಹದ ಎಳೆ, ಏಳುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆಯೇ ಚಾಕು ತಿರುಗಿಸಬೇಕು. ತುಂಬಾ ಜನ ಅಷ್ಟರೊಳಗೇ ಬಿಟ್ಟುಬಿಡುತ್ತಾರೆ! ಕೊನೆಗೆ ಬೆಲ್ಟಿನ ಮೇಲೆ ಹತ್ತು ಸಲ ಎಳೆದರೆ ತರಿ ಹೋಗುತ್ತದೆ.

ಅಜ್ಜಿ ಕಾಲದ ಈಳಿಗೆಮಣೆ ಇದ್ದವರು ಖಂಡಿತ ತನ್ನಿ. ಅದಕ್ಕೆ ಪಟ್ಟಿಯನ್ನೇ ಅಲಗಿನ ಮೇಲೆ ಆಡಿಸಬೇಕು, ತೋರಿಸಿಕೊಡುತ್ತೇನೆ. ಹಲ್ಲಿರುವ ಬ್ರೆಡ್ ಚಾಕು ಮಾತ್ರ ಬೇಡ.

ಎಲ್ಲವನ್ನೂ ದಪ್ಪ ಬಟ್ಟೆಯಲ್ಲಿ ಸುತ್ತಿ ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿಬಿಡಿ, ಪೇಪರ್ ಎಷ್ಟು ಬೇಕೋ ಲೆಕ್ಕ ಹಾಕಬೇಕು.