ಸಿನಿಮಾ ಬಂತು, ನಾಟಕ ನಿಮ್ಮ ಹತ್ತಿರವೇ ಇದೆ

ಕಳೆದ ಭಾನುವಾರ ಹುಬ್ಬಳ್ಳಿಯ ಟಾಕೀಸಿಗೆ ಬಂದು, ನನ್ನ ನಾಟಕದಿಂದ ಮಾಡಿದ ನಮ್ಮ ಸಿನಿಮಾ ನೋಡಿದ ಎಲ್ಲರಿಗೂ ಶರಣು. ಹಾನಗಲ್ಲ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದವರಿಗೆ ಒಂದು ಶರಣು ಜಾಸ್ತಿ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂತರೆ ದೀಪಾವಳಿ ಬಂದುಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪರದೆ ಮೇಲೆ ‘ಮೂಲ ನಾಟಕ’ ಅಂತ ನನ್ನ ಹೆಸರು ಬಂದಾಗ ಹಿಂದಿನ ಸಾಲಿನಿಂದ ಸಿಳ್ಳೆ ಬಿತ್ತು. ಅದರಲ್ಲಿ ಮುಕ್ಕಾಲು ಪಾಲು ನಮ್ಮೂರ ತಂಡದ್ದು. ಜಾತ್ರೆಯಲ್ಲಿ ಆಡುವಾಗ, ಬಾಯಿಗೆ ಹೊಂದದ ಮಾತನ್ನು ಅವರು ಸುಮ್ನೆ ಬಿಟ್ಟುಬಿಡುತ್ತಿದ್ದರು. ತಮ್ಮದೊಂದು ಸೇರಿಸುತ್ತಿದ್ದರು. ಮರುದಿನ ನಾನು ಅದನ್ನೇ ಪ್ರತಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಗೌಡಶಾನಿ ಪಾತ್ರಕ್ಕೆ ಗದಗಿನಿಂದ ಬರುತ್ತಿದ್ದ ಅಕ್ಕಾರು ಅಳುವ ಸೀನಿನಲ್ಲಿ ಅಳುತ್ತಲೇ ಇರಲಿಲ್ಲ. ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚುತ್ತಿದ್ದರು. ಜನ ಅಳುತ್ತಿದ್ದರು. ಭಾನುವಾರ ನೀವು ಚಪ್ಪಾಳೆ ಹೊಡೆದದ್ದು ಅದೇ ಸೀನಿಗೆ. ಅದು ನನ್ನ ಬರಹವಲ್ಲ, ಅಕ್ಕಾರದು. ನಿರ್ದೇಶಕರಿಗೆ ಹೇಳಿದ್ದೆ, ಅವರೂ ಮರೆಯದೆ ಅಕ್ಕಾರ ಹೆಸರನ್ನು ಕೃತಜ್ಞತೆಯ ಕಾರ್ಡಿನಲ್ಲಿ ಹಾಕಿದರು. ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರಿಗೂ, ವಿಂಗಿನಲ್ಲಿ ಬ್ಯಾಟರಿ ಹಿಡಿದು ಪ್ರಾಂಪ್ಟ್ ಮಾಡುತ್ತಿದ್ದ ಹುಡುಗರಿಗೂ ನನ್ನ ನಮಸ್ಕಾರ.

‘ಸರ್, ನೀವೇ ಯಾಕೆ ನಿರ್ದೇಶನ ಮಾಡಲಿಲ್ಲ?’ ಅಂತ ಸುಮಾರು ಜನ ಕೇಳಿದಿರಿ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರನ್ನೇ ನೋಡಿ. ಕ್ಯಾಮೆರಾ ಅವರಿಗೆ ಹೊಸದೇನಾಗಿರಲಿಲ್ಲ. ಭೈರಪ್ಪನವರ ‘ವಂಶವೃಕ್ಷ’ವನ್ನು ಬಿ.ವಿ. ಕಾರಂತರ ಜೊತೆ ಸಿನಿಮಾ ಮಾಡಿದರು. ಆಲನಹಳ್ಳಿಯವರ ‘ಕಾಡು’ ಮಾಡಿದರು. ಆದರೆ 1997ರಲ್ಲಿ ಅವರದೇ ನಾಟಕ ‘ನಾಗಮಂಡಲ’ ಸಿನಿಮಾ ಆದಾಗ ನಿರ್ದೇಶಕರು ಟಿ.ಎಸ್. ನಾಗಾಭರಣ. ಕಂಬಾರರು ‘ಕಾಡು ಕುದುರೆ’ಯನ್ನು ತಾವೇ ನಿರ್ದೇಶಿಸಿದರು. ಅವರ ‘ಹರಕೆಯ ಕುರಿ’ ನಾಟಕ 1992ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರ ಕೈಯಲ್ಲಿ ಸಿನಿಮಾ ಆಯಿತು. ಅಂಥವರೇ ಬೇರೆಯವರ ಕೈಗೆ ಕೊಟ್ಟಿರುವಾಗ ನನ್ನದೇನು?

ಕೊಟ್ಟ ಮೇಲೆ ಬರೆದವನನ್ನು ಮರೆತುಬಿಡುವುದೂ ಉಂಟು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ಹೆಸರು ಮಾಡಿದ ನಾಟಕ. 1974ರಲ್ಲಿ ಅದು ಸಿನಿಮಾ ಆಯಿತು. ಎಮ್ಮೆ ಮೇಲೆ ಕೂತು ಹಾಡುವ ರಾಜಕುಮಾರ್ ಎಲ್ಲರಿಗೂ ಗೊತ್ತು. ಮೂಲ ನಾಟಕ ಯಾರದು ಅಂತ ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೆ? ನಮ್ಮ ನಿರ್ದೇಶಕರು ನನ್ನನ್ನು ಹಾಗೆ ಹೊರಗೆ ಕೂರಿಸಲಿಲ್ಲ. ಈ ಬರಹದ ದೊಡ್ಡ ಕೃತಜ್ಞತೆ ಇದಕ್ಕೇ.

ಅವರು ನನಗೆ ಕೊಟ್ಟದ್ದು ಒಂದೇ ಕೆಲಸ. ಬೆಂಗಳೂರಿನಿಂದ ಬಂದ ಕಲಾವಿದರ ಜೊತೆ ಧಾರವಾಡದ ಒಂದು ಕೋಣೆಯಲ್ಲಿ ಕೂತು ಮಾತು ಕಲಿಸುವುದು. ಉತ್ತರ ಕರ್ನಾಟಕದ ಮಾತು ಸಿನಿಮಾಕ್ಕೆ ಹೋದರೆ ಸಾಮಾನ್ಯವಾಗಿ ಕಾಮಿಡಿಗೇ ಹೋಗುತ್ತದೆ, ಅಲ್ವಾ? ಜೋರಾಗಿ ಕೂಗಿ, ಎರಡು ಬೈಗುಳ ಸೇರಿಸಿದರೆ ಮುಗಿಯಿತು. ‘ನಾಗಮಂಡಲ’ದಲ್ಲಿ ಅದೇ ಮಾತಿನಲ್ಲಿ ಪ್ರೀತಿ ಇತ್ತು, ಭಯ ಇತ್ತು. ಅಶ್ವತ್ಥರ ಸಂಗೀತ, ನಮ್ಮ ಧಾರವಾಡದ ಸಂಗೀತಾ ಕಟ್ಟಿಯವರ ದನಿ. ‘ಕಂಬದಾ ಮ್ಯಾಲಿನ ಗೊಂಬೆಯೇ’ ಕೇಳಿ ಯಾರಾದರೂ ನಕ್ಕಿದ್ದಾರೆಯೇ? ನಾನು ಆ ಹಾಡನ್ನು ಕಲಾವಿದರಿಗೆ ಮತ್ತೆ ಮತ್ತೆ ಕೇಳಿಸಿದೆ. ಸಿಟ್ಟು ಬಂದಾಗ ನಮ್ಮ ಮಂದಿ ದನಿ ಇಳಿಸುತ್ತಾರೆ ಅಂತ ಹೇಳಿಕೊಟ್ಟೆ. ಗೌಡನ ಪಾತ್ರದ ಕಲಾವಿದರು ಅದನ್ನು ಎಷ್ಟು ಚೆನ್ನಾಗಿ ಹಿಡಿದರು ಅಂದರೆ, ಊಟಕ್ಕೆ ಕೂತಾಗಲೂ ಹಾಗೇ ಮಾತಾಡುತ್ತಿದ್ದರು. ಅವರಿಗೆ ದೊಡ್ಡ ಥ್ಯಾಂಕ್ಸ್.

ಕತ್ತರಿಯೂ ಆಡಿತು. ಅಣ್ಣತಮ್ಮಂದಿರ ಉದ್ದನೆಯ ಜಗಳ ಹೋಗಿ, ಹೊಲದ ನಡುವೆ ಹಾಕಿದ ಒಂದು ತಂತಿ ಬೇಲಿ ಬಂತು. ಒಪ್ಪಿದೆ. ರಂಗದ ಮೇಲೆ ಹೊಲ ತರಲು ಆಗುವುದಿಲ್ಲ, ಮಾತಿನಲ್ಲೇ ಬಿತ್ತಬೇಕು. ಕ್ಯಾಮೆರಾಕ್ಕೆ ಆ ಕಷ್ಟ ಇಲ್ಲ. ಆದರೆ ಅಜ್ಜಿಯ ಲಾವಣಿ ತೆಗೆದದ್ದನ್ನು ನಾನು ಇವತ್ತಿಗೂ ಒಪ್ಪಿಲ್ಲ. ನಿರ್ದೇಶಕರಿಗೂ ಇದು ಗೊತ್ತು, ಭೇಟಿಯಾದಾಗಲೆಲ್ಲ ಇದೇ ಜಗಳ.

ಇನ್ನು ನನ್ನ ವಕೀಲ ಗೆಳೆಯನ ಋಣ. ಮೊದಲು ಬಂದಿದ್ದ ಒಬ್ಬ ನಿರ್ಮಾಪಕರು ಒಂದೇ ಸಹಿಯಲ್ಲಿ ಎಲ್ಲ ಹಕ್ಕನ್ನೂ ಬರೆಸಿಕೊಳ್ಳಲು ನೋಡಿದ್ದರು. ಗೆಳೆಯ ಕಾಗದ ಓದಿ, ‘ಮಾಸ್ತರ, ಸಹಿ ಮಾಡಬ್ಯಾಡ್ರಿ’ ಅಂದ. ಸಿನಿಮಾ ಮಾಡುವ ಹಕ್ಕು ಬೇರೆ, ರಂಗದ ಮೇಲೆ ಆಡುವ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎರಡೂ ಮೊದಲು ಬರೆದವನವೇ. ನಾನು ಈಗ ಕೊಟ್ಟಿರುವುದು ಮೊದಲನೆಯದನ್ನು ಮಾತ್ರ.

ಹಾಗಾಗಿ ಹಾವೇರಿ, ಗದಗ ಕಡೆಯ ತಂಡಗಳು ಹೆದರಬೇಕಿಲ್ಲ. ಈ ಸಲದ ಜಾತ್ರೆಗೂ ನಾಟಕ ಆಡಿ. ಮೊದಲೇ ಒಂದು ಮಾತು ತಿಳಿಸಿ, ಸಾಕು. ಸಿನಿಮಾ ನೋಡಿ ಕೊನೆಯ ಸೀನು ಬದಲಿಸಬೇಡಿ. ಹಳೇ ಪ್ರತಿ ಹರಿದುಹೋಗಿದ್ದರೆ ಹೇಳಿ, ಝೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಅದರಲ್ಲಿ ಲಾವಣಿಯೂ ಇದೆ.